ರೈತ, ಒಕ್ಕಲಿಗ, ಆರಂಬಗಾರ: ಸರ್ವೆ ಫಾರಮಲ್ಲಿ ಯಾವ ಪದ ಹಾಕೋದು?

ಎಲ್ರಿಗೂ ನಮಸ್ಕಾರ. ಮೈಸೂರಿಂದ ಬರೀತಿದೀನಿ. ಒಂದು ಪದದ ವಿಚಾರ ಎರಡು ತಿಂಗಳಿಂದ ಬಗೆಹರೀದೆ ಹಾಗೇ ಉಳ್ಕೊಂಡಿದೆ, ಹಳ್ಳಿ ಕಡೆ ಓಡಾಡಿ ಸರ್ವೆ ಮಾಡಿದೋರು, ಮನೇಲಿ ಇನ್ನೂ ಬೇಸಾಯ ಇರೋರು ದಯವಿಟ್ಟು ಹೇಳಿ.

ನಾವು ನಾಲ್ಕೈದು ಜನ ಮಂಡ್ಯ ಜಿಲ್ಲೆಯ ನಾಗಮಂಗಲ, ಪಾಂಡವಪುರ ಕಡೆ ಒಂದಷ್ಟು ಊರುಗಳಲ್ಲಿ ಮನೆಮನೆಗೆ ಹೋಗಿ ಜಮೀನಿನ ಕೆಲಸ ಯಾರ್ಯಾರು ಎಷ್ಟೆಷ್ಟು ಮಾಡ್ತಾರೆ ಅಂತ ಕೇಳಿ ಬರ್ಕೊಳ್ತಿದೀವಿ. ಫಾರಂ ಇಂಗ್ಲಿಷಲ್ಲಿ ಬಂದಿತ್ತು, ಕನ್ನಡಕ್ಕೆ ಮಾಡಿದ್ದು ನಾನು. ಅದ್ರಲ್ಲಿ "ನೀವು ರೈತರೇ?" ಅಂತ ಒಂದು ಪ್ರಶ್ನೆ. ಮೊದಲನೇ ದಿನಾನೇ ಒಬ್ಬಮ್ಮ, ಐವತ್ತರ ಮೇಲೆ ವಯಸ್ಸು, ಕಾಲಲ್ಲಿ ಗದ್ದೆ ಕೆಸರು ಇನ್ನೂ ಒಣಗಿರ್ಲಿಲ್ಲ, ನಾಟಿ ಮುಗಿಸ್ಕೊಂಡು ಬಂದು ಜಗಲಿ ಮೇಲೆ ಕೂತಿದ್ರು, ಅವ್ರಿಗೆ ಈ ಪ್ರಶ್ನೆ ಕೇಳಿದ್ರೆ "ಅಯ್ಯೋ ನಾನೆಲ್ಲಿ ರೈತ್ರು ಕಣವ್ವ, ರೈತ್ರು ಅಂದ್ರೆ ನಮ್ಮನೆಯವ್ರು, ಅವ್ರು ಬರ್ಲಿ ತಡಿ" ಅಂದ್ರು. ಮನೆಯವ್ರು ಎಲ್ಲಿ ಅಂದ್ರೆ ಮೈಸೂರಿಗೆ ಗಾರೆ ಕೆಲಸಕ್ಕೆ ಹೋಗಿದಾರೆ, ಶನಿವಾರ ಬರ್ತಾರೆ. ನಾನು "ಇಲ್ಲ" ಅಂತ ಟಿಕ್ ಹಾಕ್ಬೇಕಾಯ್ತು. ಆ ದಿನ ಇಂಥವು ಹನ್ನೊಂದು ಟಿಕ್ ಹಾಕ್ದೆ, ಮನಸ್ಸಿಗೆ ತುಂಬಾ ಬೇಜಾರಾಯ್ತು.

ಮಾರನೇ ದಿನ ಫಾರಂ ಪಕ್ಕಕ್ಕಿಟ್ಟು "ನಿಮ್ಮನೇಲಿ ಆರಂಬ ಯಾರು ನೋಡ್ಕೊಳ್ತಾರೆ ಅಮ್ಮ?" ಅಂತ ಕೇಳ್ದೆ. ಆರಂಬ ಅಂದ್ರೆ ಈ ಕಡೆ ಬೇಸಾಯ. ತಕ್ಷಣ ಉತ್ತರ ಬಂತು. "ಆರಂಬವಾ, ನಾನೇಯ ಮಾಡ್ಕೊಂಡು ಓಯ್ತಿವ್ನಿ, ಇನ್ಯಾರವ್ರೆ." ಒಟ್ಲು ಹಾಕಿದ್ದು, ಪೈರು ಕಿತ್ತಿದ್ದು, ಮುಯ್ಯಾಳು ಕೂಡಿಸಿದ್ದು, ಕಳೆ, ಗೊಬ್ಬರ, ರಾತ್ರಿ ಕರೆಂಟು ಬಂದಾಗ ಎದ್ದೋಗಿ ನೀರು ಕಟ್ಟಿದ್ದು, ಬೆಳಿಗ್ಗೆ ಎರಡು ಹಸು ಹಾಲು ಡೈರಿಗೆ ಹಾಕಿದ್ದು, ಒಂದೊಂದಾಗಿ ಹೇಳ್ತಾನೇ ಹೋದ್ರು, ನನ್ ಕೈ ಸಾಕಾಗ್ಲಿಲ್ಲ ಬರ್ಕೊಳ್ಳೋಕೆ. ಅದೇ ಊರು, ಅದೇ ಬೀದಿ, ಪದ ಒಂದು ಬದಲಾಯ್ತು ಅಷ್ಟೆ.

ಆಮೇಲೆ ಯೋಚನೆ ಮಾಡಿದ್ರೆ ಮೊದಲನೇ ದಿನ ಆಯಮ್ಮ ಹೇಳಿದ್ದು ತಪ್ಪೇ ಅಲ್ಲ ಅನ್ಸುತ್ತೆ. ರೈತ ಅನ್ನೋದು ಅರಬ್ಬಿಯ ರಯ್ಯತ್‌ನಿಂದ ಬಂದ ಪದ, ಅಲ್ಲಿ ಅದ್ರರ್ಥ ದೊರೆ ಆಳ್ವಿಕೆಗೆ ಒಳಪಟ್ಟ ಪ್ರಜೆ. ನಮ್ಮ ಕಡೆ ಕಂದಾಯದ ಲೆಕ್ಕದ ಜೊತೆ ಬೆಳೆದು ಬಂದ ಪದ ಅದು, ಸರ್ಕಾರಕ್ಕೆ ಕಂದಾಯ ಕಟ್ಟೋನು ರೈತ. ಇವತ್ತೂ ಪಹಣಿಯ ಒಂಬತ್ತನೇ ಕಲಂನಲ್ಲಿ, ಅಂದ್ರೆ ಮಾಲೀಕರ ಕಲಂನಲ್ಲಿ, ಯಾರ ಹೆಸರಿದೆಯೋ ಅವ್ರೇ ರೈತರು, 2019ರಿಂದ ಬರ್ತಿರೋ ಪಿಎಂ ಕಿಸಾನ್ ವರ್ಷಕ್ಕೆ ಆರು ಸಾವಿರ ಹೋಗೋದೂ ಜಮೀನು ಹೆಸರಲ್ಲಿರೋ ಕುಟುಂಬಕ್ಕೆ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡ್ಸೋಕೂ ಸರ್ವೆ ನಂಬರ್ ಕೇಳ್ತಾರೆ. ನಾವು ಕೇಳಿದ್ದು "ನೀವು ರೈತರೇ", ಆಯಮ್ಮನ ಕಿವಿಗೆ ಬಿದ್ದಿದ್ದು "ಖಾತೆ ನಿಮ್ಮ ಹೆಸರಲ್ಲಿದೆಯಾ". ಇಲ್ಲ ಅಂದ್ರು, ಅದು ನಿಜಾನೇ.

ಒಕ್ಕಲಿಗ ಅನ್ನೋ ಪದ ಹಾಕೋಣ ಅಂತ ತಂಡದಲ್ಲಿ ಒಬ್ರು ಅಂದ್ರು. ಅರ್ಥದಲ್ಲಿ ಎಷ್ಟು ಚೆನ್ನಾಗಿದೆ ನೋಡಿ, ಒಕ್ಕಲು ಅಂದ್ರೆ ನೆಲೆ ನಿಂತ ಸಂಸಾರ, ಹೊಸ ಮನೆಗೆ ಹೋಗೋದು ಮನೆ ಒಕ್ಕಲು, ಆ ದೇವರಿಗೆ ನಾವು ಒಕ್ಕಲು ಅಂತೀವಿ, ಜನರನ್ನ ಓಡಿಸಿದ್ರೆ ಒಕ್ಕಲೆಬ್ಬಿಸಿದ್ರು ಅಂತೀವಿ. ಒಕ್ಕಲುತನ ಅಂದ್ರೆ ಇವತ್ತೂ ಬೇಸಾಯಾನೇ. ಆದ್ರೆ ಒಕ್ಕಲಿಗ ಅಂದ ತಕ್ಷಣ ಮಂಡ್ಯದಲ್ಲಿ ಯಾರಿಗಾದ್ರೂ ಕೇಳ್ಸೋದು ಜಾತಿ ಹೆಸರು. ಕುರುಬರ ಮನೇಲಿ, ಬೆಸ್ತರ ಮನೇಲಿ, ದಲಿತರ ಕೇರೀಲಿ ಹೋಗಿ ನೀವು ಒಕ್ಕಲಿಗರಾ ಅಂತ ಕೇಳೋಕಾಗುತ್ತಾ, ಕೇಳ್ಬಾರ್ದು. ಹಾಗಾಗಿ ಕೈಬಿಟ್ವಿ.

ಸಾಗುವಳಿದಾರ ಅನ್ನೋದು ಕಚೇರಿ ಪದ, ಊರಲ್ಲಿ ಯಾರ ಬಾಯಲ್ಲೂ ಬರಲ್ಲ. ಜನಗಣತಿಯೋರು ಜಮೀನಲ್ಲಿ ದುಡಿಯೋರನ್ನ ಸಾಗುವಳಿದಾರರು, ಕೃಷಿ ಕಾರ್ಮಿಕರು ಅಂತ ಎರಡು ಗುಂಪು ಮಾಡ್ತಾರಲ್ಲ, 2001ರಲ್ಲಿ ದೇಶದಲ್ಲಿ ಸಾಗುವಳಿದಾರರು ಸುಮಾರು 12.7 ಕೋಟಿ, ಕೃಷಿ ಕಾರ್ಮಿಕರು 10.7 ಕೋಟಿ ಇದ್ರು, 2011ಕ್ಕೆ ಅದು ತಿರುಗಾಮುರುಗಾ ಆಗಿ ಸಾಗುವಳಿದಾರರು 11.9 ಕೋಟಿ, ಕಾರ್ಮಿಕರು 14.4 ಕೋಟಿ ಆದ್ರು. ಇಂಥ ದೊಡ್ಡ ಲೆಕ್ಕಗಳೆಲ್ಲಾ ಕೊನೆಗೆ ಯಾರೋ ಒಬ್ಬ ಮೇಷ್ಟ್ರು ಯಾವ್ದೋ ಬಾಗಿಲಲ್ಲಿ ನಿಂತು ಯಾವ ಮಾತಲ್ಲಿ ಕೇಳಿದ್ರು ಅನ್ನೋದರ ಮೇಲೇ ನಿಂತಿರೋದು. ಸಂಬಳ ಇಲ್ಲದೆ ಮನೆ ಜಮೀನಲ್ಲಿ ದುಡಿದ್ರೂ ಅದು ಕೆಲಸಾನೇ ಅಂತ ಗಣತಿ ನಿಯಮದಲ್ಲೇ ಇದೆ, ಆದ್ರೆ "ನೀವೇನು ಕೆಲಸ ಮಾಡ್ತೀರಾ" ಅಂದ್ರೆ "ಮನೇಲೇ ಇರೋದು" ಅಂತಾರೆ, ಅಲ್ಲಿಗೆ ಮುಗೀತು.

ಇನ್ನೊಂದು ಪದಾನೂ ಇದೇ ಥರ ತೊಡಕು ಕೊಡ್ತು. ನಮ್ ಜೊತೆ ಬೇರೆ ಊರಿಂದ ಬಂದ ಒಬ್ಬ ಹುಡುಗ ಇದಾನೆ, ಒಳ್ಳೇ ಕೆಲಸಗಾರ. ಒಬ್ರು "ಆ ಒಂದೆಕ್ರೆ ವಾರಕ್ಕೆ ಮಾಡ್ತೀವಿ" ಅಂದಿದ್ದನ್ನ ಅವನು ವಾರಕ್ಕೊಂದು ದಿನ ಕೆಲಸ ಅಂತ ಬರ್ಕೊಂಡಿದ್ದ. ವಾರ ಅಂದ್ರೆ ಇಲ್ಲಿ ಪಾಲಿಗೆ ಮಾಡೋದು, ಬೆಳೆ ಬಂದ್ಮೇಲೆ ಜಮೀನಿನೋರಿಗೆ ಅರ್ಧ, ಮಾಡಿದೋರಿಗೆ ಅರ್ಧ, ಖರ್ಚು ಹೇಗೆ ಹಂಚ್ಕೋತಾರೆ ಅನ್ನೋದು ಮಾತಿನ ಮೇಲೆ. ಗುತ್ತಿಗೆ ಅಂದ್ರೆ ಇಷ್ಟು ದುಡ್ಡು ಅಥವಾ ಇಷ್ಟು ಮೂಟೆ ಅಂತ ಮೊದಲೇ ಗೊತ್ತು ಮಾಡಿದ್ದು. ಭೋಗ್ಯ ಬೇರೇನೇ, ಸಾಲ ತೀರೋ ತನಕ ಜಮೀನು ಸಾಲ ಕೊಟ್ಟೋರ ಕೈಲಿ. ಫಾರಂನಲ್ಲಿ ಈ ಮೂರಕ್ಕೂ ಸೇರಿ "ಗೇಣಿದಾರರೇ?" ಅಂತ ಒಂದೇ ಪ್ರಶ್ನೆ ಇತ್ತು. ಎಲ್ರೂ ಇಲ್ಲ ಇಲ್ಲ ಅಂದ್ರು. ಯಾಕಂದ್ರೆ ಭೂಸುಧಾರಣೆ ಕಾಯ್ದೆ 1974ರ ತಿದ್ದುಪಡಿ ಆದ್ಮೇಲೆ ಗೇಣಿ ಅನ್ನೋದೇ ಕಾನೂನಲ್ಲಿ ಇಲ್ದಂಗಾಯ್ತು, ಗೇಣಿದಾರ ಅಂದ್ರೆ ಫಾರಂ ನಂಬರ್ 7 ಅಂತ ಅರ್ಜಿ ಹಾಕಿ, ಗೇಣಿಗೆ ಮಾಡ್ತಿದ್ದ ಜಮೀನು ತನ್ನ ಹೆಸರಿಗೆ ತಗೊಂಡೋನು ಅಂತಾನೇ ಹಳಬರ ಮನಸ್ಸಲ್ಲಿ ಕೂತಿದೆ, ಹೌದು ಅಂದ್ರೆ ಜಮೀನಿನೋರು ನಾಳೇನೇ ಬಿಡಿಸ್ಕೋತಾರೆ ಅನ್ನೋ ಭಯ. "ವಾರಕ್ಕೇನಾದ್ರೂ ಮಾಡ್ತೀರಾ" ಅಂತ ಕೇಳಿದ್ರೆ ಹೆದರಿಕೆ ಇಲ್ದೆ ಹೇಳ್ತಾರೆ.

ಮಂಡ್ಯಕ್ಕೆ ಇಂಥ ಅಧ್ಯಯನ ಹೊಸದಲ್ಲ ಅನ್ನೋದು ಗೊತ್ತಿರ್ಲಿ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲೇ ಇಲ್ಲಿ ಎರಡು ಊರಲ್ಲಿದ್ದು, ನಾಲೆ ನೀರು ಬಂದ ಊರು ಹೇಗಾಯ್ತು, ಬರದೇ ಉಳಿದ ಊರು ಹೇಗಾಯ್ತು ಅಂತ ನೋಡಿದ್ರು. ನೀರು ಬಂದ ಊರಲ್ಲಿ ಜನ ಬೇಸಾಯದಲ್ಲೇ ಉಳಿದ್ರು, ಒಣ ಊರಿನೋರು ಹೊರಗಡೆ ಕೆಲಸ ವ್ಯಾಪಾರ ಅಂತ ಹುಡುಕ್ಕೊಂಡು ಹೋದ್ರು. ಈಗ ನೀರಿರೋ ಊರಿನ ಗಂಡಸರೂ ಹೊರಗೇ ದುಡಿಯೋದನ್ನ ನಾನು ದಿನಾ ನೋಡ್ತಿದೀನಿ, ಹಂಗಾದ್ರೆ ಆರಂಬ ಯಾರ ಕೈಲಿದೆ ಅನ್ನೋದನ್ನ ಸರಿಯಾದ ಪದದಲ್ಲಿ ಕೇಳ್ದೆ ಹೋದ್ರೆ ನಮ್ಮ ವರದಿ ಸುಳ್ಳಾಗುತ್ತೆ.

ಮೀನು ಹಿಡಿಯೋರ ವಿಷಯ ಸ್ವಲ್ಪ ಹೇಳಿಬಿಡ್ತೀನಿ. 2007ರ ರಾಷ್ಟ್ರೀಯ ರೈತರ ನೀತಿಯಲ್ಲಿ ಕೂಲಿಯೋರು, ಪಾಲಿಗೆ ಮಾಡೋರು, ಮೀನುಗಾರರು, ಜೇನು ಸಾಕೋರು ಎಲ್ರನ್ನೂ "ಫಾರ್ಮರ್" ಅನ್ನೋ ಒಂದೇ ಪದದ ಕೆಳಗೆ ಸೇರಿಸಿದಾರೆ. ನೀತಿ ಒಳ್ಳೇದೇ, ಆದ್ರೆ ಆ ಪದಕ್ಕೆ ಕನ್ನಡದಲ್ಲಿ ರೈತ ಅಂತ ಹಾಕಿದ್ರೆ ಕನ್ನಂಬಾಡಿ ಹಿನ್ನೀರಲ್ಲಿ ಬಲೆ ಬಿಡೋರು ಅದು ತಮ್ಮ ಮಾತು ಅಂತ ತಿರುಗಿಯೂ ನೋಡಲ್ಲ. ಅವ್ರನ್ನ ಕೇಳಿದ್ರೆ "ಬಲೆ ಬಿಡ್ತೀವಿ" ಅಂತಾರೆ. ಇಲ್ಲೂ ಮಾಡೋ ಕೆಲಸವೇ ಮೊದಲು ಬರೋದು.

ಪ್ರಶ್ನೆ ಕೇಳೋವಾಗ "ಆರಂಬ ಮಾಡೋದು" ಅಂತ ಕ್ರಿಯಾಪದ ಇಟ್ಕೊಂಡು ಕೇಳೋದು ಅಂತ ನಾವು ನಿರ್ಧಾರ ಮಾಡಿ ಆಗಿದೆ. ಆದ್ರೆ ವರದಿ ಬರೆಯೋವಾಗ ಒಂದು ನಾಮಪದ ಬೇಕೇ ಬೇಕು. ಆರಂಬಗಾರರು ಅಂತ ಬರೆದ್ರೆ ಧಾರವಾಡ, ಕಲಬುರಗಿ, ಮಂಗಳೂರು ಕಡೆಯೋರಿಗೆ ತಿಳಿಯುತ್ತಾ? ನಿಮ್ ಕಡೆ ಬೇಸಾಯ ಮಾಡೋ ಹೆಂಗಸರು ತಮ್ಮನ್ನ ತಾವೇ ಏನಂತ ಕರ್ಕೋತಾರೆ? ಇಲ್ಲಿ ಕೂಲಿಗೆ ಹೋದ್ರೆ ಹೆಣ್ಣಾಳು ಅನ್ನೋ ಪದ ಇದೆ, ಸ್ವಂತ ಆರಂಬ ನಡೆಸೋಳಿಗೆ ಒಂದು ಪದ ನಂಗೆ ಇನ್ನೂ ಯಾರ ಬಾಯಲ್ಲೂ ಸಿಕ್ಕಿಲ್ಲ. ರೈತ ಮಹಿಳೆ ಬೇಡ, ಅದು ಬ್ಯಾನರ್ ಮೇಲಿನ ಮಾತು. ಆರಂಬಗಾರ್ತಿ ಅಂತ ಯಾರಾದ್ರೂ ಹೇಳಿದ್ದನ್ನ ಕೇಳಿದೀರಾ, ಅಜ್ಜಿಯರ ಮಾತಲ್ಲಿ, ಹಾಡಲ್ಲಿ, ಗಾದೇಲಿ?

ಜೊತೆಗೆ ಆರಂಬದ ಮೂಲ. ಸಂಸ್ಕೃತದ ಆರಂಭದ ತದ್ಭವ ಅನ್ನೋ ವಿವರಣೆ ಇದೆ, ಆದ್ರೆ ನಮ್ಮಜ್ಜಿ ಮನೇಲಿ ಎತ್ತು ನೊಗ ಹೂಡೋಕೆ ಆರು ಕಟ್ಟೋದು ಅಂತಿದ್ರು, ಆ ಆರಿಗೂ ಇದಕ್ಕೂ ಏನಾದ್ರೂ ನಂಟಿದೆಯಾ? ಬಲ್ಲೋರು ತಿಳಿಸಿ. ಮುಂದಿನ ವಾರ ಮಳವಳ್ಳಿ ಕಡೆ ಹೊರಟಿದೀವಿ, ಅಷ್ಟ್ರಲ್ಲಿ ಫಾರಂ ತಿದ್ದಿ ಪ್ರಿಂಟ್ ಹಾಕಿಸ್ಬೇಕು.