‘ಬ್ಲೆಸ್ ಹರ್ ಹಾರ್ಟ್’ ಅನ್ನುವುದಕ್ಕೆ ‘ಪಾಪ’ ಸಾಕಾ?

ಗೆಳೆಯರೇ,

ಒಂದು ಮಾತಿಗೆ ಕನ್ನಡ ಹುಡುಕುತ್ತಾ ಮೂರು ವಾರದಿಂದ ನಿಂತಲ್ಲೇ ನಿಂತಿದ್ದೇನೆ. ನಿಮ್ಮ ನೆರವು ಬೇಕು.

ಅಮೆರಿಕದ ದಕ್ಷಿಣದ ರಾಜ್ಯಗಳ ಒಂದು ನಗೆಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಾರ್ಜಿಯಾದ ಸಣ್ಣ ಊರು, ಕಾಲ 1998. 66 ವರ್ಷದ ಹೆಂಗಸು, ಮಕ್ಕಳಿಲ್ಲ, ಗಂಡ ಈಗಷ್ಟೇ ತೀರಿಕೊಂಡಿದ್ದಾನೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಒಂದು ಚೆಕ್ಕಿಗೂ ಸಹಿ ಹಾಕಿದವಳಲ್ಲ. ಇದು ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಸಾಲ ಕೊಡುವಾಗ ಹೆಣ್ಣು-ಗಂಡು, ಮದುವೆ ಆಗಿದೆಯೋ ಇಲ್ಲವೋ ಅಂತ ಭೇದ ಮಾಡಬಾರದು ಎಂಬ ಕಾನೂನು ಅಮೆರಿಕದಲ್ಲಿ ಬಂದಿದ್ದೇ 1974ರಲ್ಲಿ. ಆಗಲೇ ಅವಳಿಗೆ 42.

ಅಲ್ಲಿಯವರ ಬಾಯಲ್ಲಿ ‘ಬ್ಲೆಸ್ ಹರ್ ಹಾರ್ಟ್’ ಅನ್ನುವ ಮಾತು ಸದಾ ಇರುತ್ತದೆ. ‘ದೇವರು ಅವಳ ಹೃದಯವನ್ನು ಹರಸಲಿ’ ಅಂತ ಬರೆದರೆ ಅದು ಕನ್ನಡವೇ ಅಲ್ಲ, ಅರ್ಥವೂ ಅದಲ್ಲ. ಕೆಲವು ಸಲ ಅದು ನಿಜವಾದ ಮರುಕ. ಕೆಲವು ಸಲ ಚುಚ್ಚುವ ಮುಂಚೆ ಹಚ್ಚುವ ಬೆಣ್ಣೆ. ಒಬ್ಬರನ್ನು ದಡ್ಡರು ಅನ್ನಬೇಕು, ಮರ್ಯಾದೆಯೂ ಕೆಡಬಾರದು ಅಂದರೆ ಈ ಮಾತು ಸೇರಿಸಿದರಾಯಿತು.

ಕಥೆಯಲ್ಲಿ ಇದು ಮೂರು ಕಡೆ ಬರುತ್ತದೆ. ಸಾವಿನ ಮನೆಗೆ ಅಡುಗೆ ತಂದುಕೊಟ್ಟ ನೆರೆಯವರು ಹೊರಗೆ ಹೋಗುತ್ತಾ ಅವಳ ಬಗ್ಗೆ ಅನ್ನುತ್ತಾರೆ. ಲೆಕ್ಕ ಕೇಳಲು ಹೋದಾಗ ಬ್ಯಾಂಕಿನವನು ಅವಳ ಎದುರೇ ಅನ್ನುತ್ತಾನೆ. ಕೊನೆಗೆ ಅವನ ಲೆಕ್ಕದಲ್ಲಿ ತಪ್ಪು ಹಿಡಿದು, ಅದೇ ಮಾತನ್ನು ಅವಳು ಅವನಿಗೆ ನಗುನಗುತ್ತಾ ವಾಪಸ್ ಕೊಡುತ್ತಾಳೆ.

‘ಪಾಪ’ ಮೊದಲೆರಡು ಕಡೆ ಚೆನ್ನಾಗಿ ಕೂರುತ್ತದೆ. ‘ಪಾಪ, ಅವಳಿಗೆ ಏನೂ ಗೊತ್ತಾಗಲ್ಲ’ ಅಂತ ನಾವೂ ಮರುಕದಲ್ಲೇ ಚುಚ್ಚುತ್ತೇವೆ, ಅಲ್ವಾ? ‘ಪಾಪ, ಮುಂಡೇದು’ ಇನ್ನೂ ಹತ್ತಿರ. ಅದರಲ್ಲಿ ಅಕ್ಕರೆಯೂ ಇದೆ, ಬೈಗುಳವೂ ಇದೆ. ಆದರೆ ಇಲ್ಲಿ ಅದನ್ನು ಬಳಸಲು ನನಗೆ ಕೈ ಬರುತ್ತಿಲ್ಲ. ‘ಮುಂಡೆ’ ಅಂದರೆ ತಲೆ ಬೋಳಿಸಿದವಳು, ಗಂಡ ಸತ್ತವಳು. ದಿನದ ಮಾತಿನಲ್ಲಿ ಆ ಅರ್ಥ ನಮಗೆ ಮರೆತೇ ಹೋಗಿದೆ. ಗಂಡ ಸತ್ತವಳ ಕಥೆಯಲ್ಲಿ ಅದು ಎದ್ದು ಕೂರುತ್ತದೆ. ಜಾರ್ಜಿಯಾದ ಹೆಂಗಸಿನ ತಲೆ ಮೇಲೆ ನಮ್ಮೂರಿನ ಆ ಕ್ರೌರ್ಯವನ್ನು ಹೊರಿಸುವುದು ತಪ್ಪು ಅಂತ ನನಗನ್ನಿಸುತ್ತದೆ. ಅವಳಿಗೆ ಅವಳದ್ದೇ ಕಷ್ಟಗಳು ಬೇಕಾದಷ್ಟಿವೆ.

ಮೂರನೆಯ ಜಾಗಕ್ಕೆ ನನಗೆ ಹೊಳೆದದ್ದು ‘ನಿನ್ನ ಹೊಟ್ಟೆ ತಣ್ಣಗಿರಲಿ, ಮಗಾ’. ಅಲ್ಲಿ ಹೃದಯ, ನಮ್ಮಲ್ಲಿ ಹೊಟ್ಟೆ. ನಮ್ಮಲ್ಲಿ ಈ ಮಾತು ಹೇಳುವವರು ಹಿರಿಯರು. ನಲವತ್ತರ ಬ್ಯಾಂಕಿನವನು ಅವಳಿಗೆ ಹೀಗೆ ಹೇಳುವ ಹಾಗಿಲ್ಲ, ಅವಳು ಅವನಿಗೆ ಹೇಳಬಹುದು. ಅಲ್ಲಿಯವರೆಗೆ ಎಲ್ಲರಿಂದ ‘ಪಾಪ’ ಅನ್ನಿಸಿಕೊಂಡವಳು ಒಮ್ಮೆಲೇ ಹರಸುವ ಜಾಗಕ್ಕೆ ಏರುತ್ತಾಳೆ. ಇದು ನನಗೆ ತುಂಬಾ ಇಷ್ಟವಾಯಿತು.

ಆದರೆ ಹೀಗೆ ಮಾಡಿದರೆ ಒಂದು ನಷ್ಟ ಇದೆ. ಮೂಲದಲ್ಲಿ ನಗು ಬರುವುದೇ ಅವನ ಮಾತನ್ನೇ ಅವನಿಗೆ ತಿರುಗಿಸಿದ್ದರಿಂದ. ಮಾತು ಬದಲಾದರೆ ಆ ಪೆಟ್ಟು ತಪ್ಪುತ್ತದೆ. ‘ಪಾಪ’ವನ್ನೇ ಉಳಿಸಿ ಅವಳಿಂದ ‘ಪಾಪ, ನಿಮಗೆ ಕೂಡೋ ಲೆಕ್ಕ ಬರಲ್ಲ’ ಅನ್ನಿಸಿದರೆ ಪೆಟ್ಟು ಸಿಗುತ್ತದೆ, ಹರಕೆ ಹೋಗುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಚಿಕ್ಕವರು ದೊಡ್ಡವರಿಗೂ, ದೊಡ್ಡವರು ಚಿಕ್ಕವರಿಗೂ ಅನ್ನಬಹುದಾದ, ಹರಕೆಯೂ ಚುಚ್ಚೂ ಎರಡೂ ಇರುವ ಮಾತು ನಿಮ್ಮ ಕಡೆ ಇದೆಯಾ? ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರದ ಕಡೆಯವರು ದಯವಿಟ್ಟು ಹೇಳಿ. ಇನ್ನೊಂದು ಸಂಶಯ. ‘ಹೊಟ್ಟೆ ತಣ್ಣಗಿರಲಿ’ ಅನ್ನುವಾಗ ನಮ್ಮ ಮನೆಯಲ್ಲಿ ಮಕ್ಕಳ ಕ್ಷೇಮದ ಅರ್ಥವೇ ಜಾಸ್ತಿ. ಮಕ್ಕಳಿಲ್ಲದವಳ ಬಾಯಲ್ಲಿ ಅದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?