ಸೋರೆಕಾಯಿ ಜ್ಯೂಸ್ ಮಾಡುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡವ್ವಾ

ನೋಡವ್ವಾ, ನಿನ್ನ ಮೆಸೇಜ್ ಈಗ ಓದಿದೆ. ಮಗ ಪಲ್ಯ ಮುಟ್ಟುವುದಿಲ್ಲ, ದಿನಾ ಬೆಳಗ್ಗೆ ತರಕಾರಿ ಜ್ಯೂಸ್ ಕೊಡಲಾ, ಇಲ್ಲ ಫ್ರೋಜನ್ ಬಟಾಣಿ, ಗಜ್ಜರಿ ತಂದು ಬೇಯಿಸಲಾ, ಯಾವುದರಲ್ಲಿ ಸತ್ವ ಜಾಸ್ತಿ ಅಂತ ಕೇಳಿದ್ದೀಯ. ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಜ್ಯೂಸಿಗೆ ಸೋರೆಕಾಯಿ ಹಾಕುವುದಾದರೆ ಒಂದು ಚೂರು ಹಸಿಯಾಗೇ ಬಾಯಿಗೆ ಹಾಕಿ ನೋಡು. ಕಹಿ ಇದ್ದರೆ ಉಗುಳಿಬಿಡು, ಇಡೀ ಕಾಯಿ ಎಸೆದುಬಿಡು.

ನಿಮ್ಮ ಕಾಕಾಗೆ ಶುಗರ್ ಬಂದ ವರ್ಷ ನಾವಿಬ್ಬರೂ ದಿನಾ ಸೋರೆಕಾಯಿ ರಸ ಕುಡಿಯುತ್ತಿದ್ದೆವು. ಒಂದು ದಿನ ಅವರು ಚಿಂಚೋಳಿಗೆ ಹೋಗಿದ್ದರು, ಪುಣ್ಯ. ಗಜ್ಜರಿ, ಪುದೀನ, ಶುಂಠಿ, ನಿಂಬೆಹಣ್ಣು ಎಲ್ಲಾ ಹಾಕಿ ಮಿಕ್ಸಿಯಲ್ಲಿ ತಿರುವಿದ್ದೆ. ಮೊದಲ ಗುಟುಕಿಗೇ ಕಹಿ ಅನಿಸಿತು. ಹಾಗಲಕಾಯಿ ತಿನ್ನಲ್ವಾ, ಕಹಿ ಒಳ್ಳೆಯದೇ ಅಂದುಕೊಂಡು ಮೂಗು ಹಿಡಿದು ಅರ್ಧ ಲೋಟ ಕುಡಿದೆ. ಅರ್ಧ ಗಂಟೆ ಆಗಿರಲಿಲ್ಲ, ಹೊಟ್ಟೆ ಹಿಂಡಿದ ಹಾಗಾಯಿತು. ಬಚ್ಚಲ ಗೋಡೆ ಹಿಡಿದು ಕುಳಿತೆ. ಮೂರನೇ ವಾಂತಿಗೆ ರಕ್ತ ಬಂತು. ಶಹಾಬಾದ್ ಕಲ್ಲಿನ ಮೇಲೆ ಆ ಕೆಂಪು ನೋಡಿ ನನ್ನ ಕೈಕಾಲು ತಣ್ಣಗಾದವು. ಪಕ್ಕದ ಮನೆ ಹುಡುಗ ಆಟೋದಲ್ಲಿ ಹಾಕಿಕೊಂಡು ಓಡಿದ.

ಡಾಕ್ಟರ್ ಹೇಳಿದರು, ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಅನ್ನೋ ವಿಷ ಇರುತ್ತದೆ, ಅದಕ್ಕೆ ಮದ್ದೇ ಇಲ್ಲ, ಸಲೈನ್ ಹಚ್ಚಿ ಕಾಯಬೇಕು ಅಷ್ಟೇ. 2012ರಲ್ಲಿ ಐಸಿಎಂಆರ್ ಅನ್ನೋ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ಇದನ್ನೇ ಬರೆದಿದ್ದಾರೆ: ಮೊದಲು ರುಚಿ ನೋಡಿ, ಬೇರೆ ರಸದ ಜೊತೆ ಬೆರೆಸಬೇಡಿ ಅಂತ. ನಾನು ನಿಂಬೆ, ಶುಂಠಿ ಹಾಕಿ ಆ ಕಹಿಯನ್ನು ಮುಚ್ಚಿಬಿಟ್ಟಿದ್ದೆ. ಹಾಗಲಕಾಯಿಯ ಕಹಿ ಬೇರೆ, ಸೋರೆಕಾಯಿಯ ಕಹಿ ಬೇರೆ. ಮತ್ತೆ ಹೇಳುತ್ತೇನೆ, ಚೂರು ಬಾಯಿಗೆ ಹಾಕಿ ನೋಡು, ಕಹಿ ಇದ್ದರೆ ಎಸೆದುಬಿಡು. ಬೇಯಿಸಿದರೂ ಹೋಗುವುದಿಲ್ಲ ಅದು.

ಮೂರು ದಿನ ಆಸ್ಪತ್ರೆಯಲ್ಲಿ ಇದ್ದೆ. ಯಾರು ಬಂದಿರಿ? ಶರಣಬಸವೇಶ್ವರ ಜಾತ್ರೆಗೆ ಬಂದಾಗ ಹತ್ತು ಹತ್ತು ಜನಕ್ಕೆ ರೊಟ್ಟಿ ಬಡಿದು ಹಾಕಿದ್ದೇನೆ. ಅವತ್ತು ನಮ್ಮ ಈ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದ್ದು ಬರೀ ಹೂವಿನ ಫೋಟೋ. ಇಬ್ಬರಂತೂ ಅದೇ ವಾರ ಸೀರೆ ತೆಗೆಯಲು ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ತನಕ ಬಂದು ಹಾಗೇ ತಿರುಗಿ ಹೋದರು. ಯಾರು ಅಂತ ಅವರಿಗೇ ಗೊತ್ತು. ಇವತ್ತಿಗೂ ನೆನೆಸಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ.

ಹಾಂ, ನೀನು ಕೇಳಿದ್ದು ಉಳಿದೇಹೋಯಿತು. ಮಗನಿಗೆ ಫ್ರೋಜನ್ನೇ ಕೊಡು. ಜ್ಯೂಸ್ ಸೋಸಿದಾಗ ನಾರು ಬಹುಪಾಲು ಚರಟದ ಜೊತೆ ಹೋಗುತ್ತದೆ, ಗಜ್ಜರಿ, ಬೀಟ್‌ರೂಟಿನ ಸಿಹಿ ಲೋಟಕ್ಕೆ ಬರುತ್ತದೆ. ಬಟಾಣಿಯನ್ನು ಕಿತ್ತ ಸ್ವಲ್ಪ ಹೊತ್ತಿಗೇ ಬಿಸಿನೀರಲ್ಲಿ ಅದ್ದಿ ತೆಗೆದು ಫ್ರೀಜ್ ಮಾಡುತ್ತಾರೆ. ಆಗ ವಿಟಮಿನ್ ಸಿ ಸ್ವಲ್ಪ ಹೋಗುತ್ತದೆ ನಿಜ, ಆದರೆ ನಾರು ಹಾಗೇ ಇರುತ್ತದೆ. ನಮ್ಮ ಕಲಬುರಗಿ ಬಿಸಿಲಲ್ಲಿ ಗಾಡಿಯ ಮೇಲೆ ಎರಡು ದಿನ ಒಣಗಿದ ಬಟಾಣಿಗಿಂತ ಅದು ಎಷ್ಟೋ ವಾಸಿ. ಗಜ್ಜರಿಗೆ ಒಂದು ಚಮಚ ಎಣ್ಣೆ ಹಾಕು, ವಿಟಮಿನ್ ಎ ಮೈಗೆ ಹತ್ತುವುದು ಆಗಲೇ. ಕರೆಂಟ್ ಹೋಗಿ ಕರಗಿದರೆ ಮತ್ತೆ ಫ್ರೀಜರಿಗೆ ಇಡಬೇಡ, ಅವತ್ತೇ ಬೇಯಿಸಿಬಿಡು. ಬಟಾಣಿ ಹಾಕಿ ಉಪ್ಪಿಟ್ಟು ಮಾಡು, ಹೋದ ಬೇಸಿಗೆಯಲ್ಲಿ ನಮ್ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡ ಅವನು.