ಗಣಿ ರಾಜಕಾರಣದ ಸಾಕ್ಷ್ಯಚಿತ್ರ: ಮೊದಲು ಬಳ್ಳಾರಿಯಲ್ಲೇ ತೋರಿಸಬೇಕಾ?

ಸಂಡೂರು ಕ್ಯಾಮೆರಾ: ಗೆಳೆಯರು ಸೇರಿ ಗಾಲಿ ಜನಾರ್ದನ ರೆಡ್ಡಿ ಅವರ ಕಾಲದ ಬಳ್ಳಾರಿ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದೇವೆ. ಎಡಿಟಿಂಗ್ ಮುಗಿಯುತ್ತಾ ಬಂದಿದೆ. ಈಗ ತಂಡದಲ್ಲೇ ಜಗಳ. ಸೀದಾ ಯೂಟ್ಯೂಬಿಗೆ ಹಾಕೋಣ ಅಂತ ಕೆಲವರು. ಊರಲ್ಲಿ ಒಂದು ಹಾಲ್ ಹಿಡಿದು ಮೊದಲು ಇಲ್ಲಿಯವರಿಗೇ ತೋರಿಸಬೇಕು ಅಂತ ನಾನು. ನೀವೇನಂತೀರಿ?

ಗಂಗಾವತಿ ಮತದಾರ: 2023ರಲ್ಲಿ ನಮ್ಮ ಕ್ಷೇತ್ರದ ಜನ ಎಲ್ಲಾ ಗೊತ್ತಿದ್ದೇ ಅವರನ್ನು ಗೆಲ್ಲಿಸಿದರು. ಹಳೇದನ್ನು ಮತ್ತೆ ಕೆದಕಿ ಏನು ಸಾಧಿಸುತ್ತೀರಿ? ಓಬಳಾಪುರಂ ಅಕ್ರಮ ಗಣಿಗಾರಿಕೆ ಕೇಸಲ್ಲಿ 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ಕೋರ್ಟು 7 ವರ್ಷ ಶಿಕ್ಷೆ ಕೊಟ್ಟಿದ್ದು ನಿಜ. ಮರು ತಿಂಗಳೇ ತೆಲಂಗಾಣ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಎರಡನೇ ಸಾಲು ನಿಮ್ಮ ಸಿನಿಮಾದಲ್ಲಿ ಇದೆಯಾ?

ಸಂಡೂರು ಕ್ಯಾಮೆರಾ: ಇದೆ. ಎರಡೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದರ ಹಿಂದೆ ಒಂದು ಬರುತ್ತವೆ. ಅವರ ಮಾತಿಗೂ ಜಾಗ ಇಟ್ಟಿದ್ದೇವೆ. ಪ್ರಶ್ನೆಗಳನ್ನು ಬರೆದು ಕಳಿಸಿದ್ದೇವೆ, ಉತ್ತರ ಬಂದಿಲ್ಲ.

ಲಾಯರ್ ಅಕ್ಕ: ಹಾಲಲ್ಲಿ ಸಾರ್ವಜನಿಕವಾಗಿ ತೋರಿಸಬೇಕಾದರೆ ಸಾಕ್ಷ್ಯಚಿತ್ರಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಹಾಗೆ ಹೇಳುತ್ತದೆ. ಯೂಟ್ಯೂಬಿಗೆ ಅದು ಬೇಡ. ಆದರೆ ಮಾನನಷ್ಟದ ಕೇಸು ಎಲ್ಲಿ ಹಾಕಿದರೂ ಬರಬಹುದು. ಕೇಜ್ರಿವಾಲ್ ಬಗ್ಗೆ ಬಂದ ‘ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’ ನೆನಪಿದೆ ಅಲ್ವಾ? ಪ್ರಧಾನಿ ಮೋದಿ, ಶೀಲಾ ದೀಕ್ಷಿತ್, ಕೇಜ್ರಿವಾಲ್ ಮೂವರಿಂದಲೂ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತನ್ನಿ ಅಂತ ಸೆನ್ಸಾರ್ ಮಂಡಳಿ ಕೇಳಿತ್ತು. ಮೇಲ್ಮನವಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಬಿಡುಗಡೆ ತಡೆಯಿರಿ ಅಂತ ಹೋದವರ ಅರ್ಜಿಯನ್ನು ಸುಪ್ರೀಂ ಕೋರ್ಟೂ ತಳ್ಳಿಹಾಕಿತು. 2017ರ ನವೆಂಬರಲ್ಲಿ ಚಿತ್ರ ಥಿಯೇಟರಿಗೆ ಬಂತು. ಆ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಈಗ ಮಂಡಳಿ ಬೇಡ ಅಂದರೆ ನೇರ ಹೈಕೋರ್ಟಿಗೇ ಹೋಗಬೇಕು. ಸಣ್ಣ ತಂಡಕ್ಕೆ ಅದು ದೊಡ್ಡ ಖರ್ಚು.

ಕೌಲ್‌ಬಜಾರ್ ಹುಡುಗ: ಹಾಗಾದರೆ ಯೂಟ್ಯೂಬೇ ಸರಿ. ತಡೆಯಾಜ್ಞೆ ಬರೋ ಮುಂಚೆ ಲಕ್ಷ ಜನ ನೋಡಿರುತ್ತಾರೆ.

ಲಾಯರ್ ಅಕ್ಕ: ಅವಸರ ಬೇಡ. 2021ರಲ್ಲಿ ಆರು ಮಂತ್ರಿಗಳು ಒಟ್ಟಿಗೆ ಬೆಂಗಳೂರಿನ ಕೋರ್ಟಿಗೆ ಹೋಗಿ ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ತಂದಿದ್ದರು. ಎದುರಿನವರ ಮಾತು ಕೇಳದೆಯೇ ಇಂಥ ಆದೇಶ ಸಿಗುತ್ತದೆ. ಹೀಗೆ ಸುಲಭವಾಗಿ ತಡೆ ಕೊಡಬೇಡಿ ಅಂತ 2024ರ ಮಾರ್ಚಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಹೇಳಿದೆ. ಅದು ನಿಮ್ಮ ಕೈ ಹಿಡಿಯಬೇಕಾದರೆ ಪ್ರತಿ ದೃಶ್ಯಕ್ಕೂ ದಾಖಲೆ ಇರಬೇಕು. ಲೋಕಾಯುಕ್ತ ವರದಿಯಲ್ಲಿ ಇದ್ದದ್ದನ್ನು ವರದಿ ಹೇಳಿದೆ ಅನ್ನಿ, ಸಾಬೀತಾಗಿದೆ ಅನ್ನಬೇಡಿ.

ತೋರಣಗಲ್ಲು: ನನ್ನ ಅಸಮಾಧಾನ ಬೇರೆ. ಬಳ್ಳಾರಿ ಅಂದ ತಕ್ಷಣ ಎಲ್ಲರಿಗೂ ಅದೇ ಬಂಗಲೆ, ಹೆಲಿಕಾಪ್ಟರ್, ತಿರುಪತಿಗೆ ಕೊಟ್ಟ ವಜ್ರದ ಕಿರೀಟ. ಇದನ್ನೆಲ್ಲ ಟಿವಿಯವರು ನೂರು ಸಲ ತೋರಿಸಿದ್ದಾರೆ. ಅದನ್ನೇ ಮತ್ತೆ ತೋರಿಸಿದರೆ ರೆಡ್ಡಿಯವರನ್ನು ಇನ್ನಷ್ಟು ದೊಡ್ಡವರನ್ನಾಗಿ ಮಾಡಿದ ಹಾಗೆ. ರಸ್ತೆಯನ್ನು ತೋರಿಸಿ ಸ್ವಾಮಿ. ಚೀನಾದಲ್ಲಿ ಅದಿರಿಗೆ ಬೇಡಿಕೆ ಏರಿದಾಗ ಹೊಲ ಅಡ ಇಟ್ಟು ಲಾರಿ ತೆಗೆದವರು ಎಷ್ಟು ಜನ! ಹಗಲೂ ರಾತ್ರಿ ಲಾರಿ. ಮೆಣಸಿನಕಾಯಿ, ಜೋಳದ ಮೇಲೆಲ್ಲ ಕೆಂಪು ಧೂಳು. 2011ರ ಜುಲೈ 27ಕ್ಕೆ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿ ಬಂತು, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ. ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರ ರಾಜೀನಾಮೆ. ಇಷ್ಟು ಎಲ್ಲರಿಗೂ ಗೊತ್ತು. ಆಮೇಲೆ ಲಾರಿ ಸಾಲದ ಕಂತು ಕಟ್ಟಲಾಗದವರ ಮನೆಯಲ್ಲಿ ಏನಾಯ್ತು ಅಂತ ಯಾರು ಕೇಳಿದರು? ಸಿನಿಮಾದಲ್ಲಿ ಅವರು ಇಲ್ಲ ಅಂದರೆ ಅದು ನಮ್ಮ ಬಳ್ಳಾರಿ ಸಿನಿಮಾ ಅಲ್ಲ.

ಸಂಡೂರು ಕ್ಯಾಮೆರಾ: ಇದಕ್ಕೇ ಅಣ್ಣಾ ಇಲ್ಲಿ ಕೇಳಿದ್ದು. ಲಾರಿ ಮಾಲೀಕರು ಮಾತಾಡಿದ್ದಾರೆ. ಆದರೆ ಕೆಲವರು ಮುಖ ತೋರಿಸಬೇಡಿ ಅಂದಿದ್ದಾರೆ.

ಹಗರಿ ದಂಡೆ: ಮಾತು ಕೊಟ್ಟಿದ್ದರೆ ಮುಖ ಮಾತ್ರ ಮುಚ್ಚಿದರೆ ಸಾಲದು. ದನಿ ಬದಲಿಸಿ, ಲಾರಿ ನಂಬರ್ ಮುಚ್ಚಿ, ಮನೆ ಮುಂದಿನ ದೃಶ್ಯ ತೆಗೆಯಿರಿ. ಸಣ್ಣ ಊರು ಇದು, ಒಂದು ಬಾಗಿಲು ಕಂಡರೂ ಯಾರ ಮನೆ ಅಂತ ಗೊತ್ತಾಗುತ್ತದೆ. ನೀವು ಬೆಂಗಳೂರಲ್ಲಿ ಇರಬಹುದು, ಅವರು ಇಲ್ಲೇ ಬಾಳಬೇಕು.

ಗಂಗಾವತಿ ಮತದಾರ: ಲಾರಿಯವರ ಮಾತು ನಾನೂ ಒಪ್ಪುತ್ತೇನೆ. ನಮ್ಮ ಕಡೆಯವರೂ ಓಡಿಸುತ್ತಿದ್ದರು. ಆದರೆ ಚುನಾವಣೆ ಹತ್ತಿರ ಬಿಟ್ಟರೆ ಯಾರೋ ದುಡ್ಡು ಕೊಟ್ಟು ಮಾಡಿಸಿದ್ದು ಅಂತಲೇ ಜನ ತಿಳಿಯುತ್ತಾರೆ. 2019ರಲ್ಲಿ ಮೋದಿಯವರ ಜೀವನದ ಸಿನಿಮಾವನ್ನೇ ಚುನಾವಣಾ ಆಯೋಗ ಮತದಾನ ಮುಗಿಯುವ ತನಕ ತಡೆದಿತ್ತು.

ಕೌಲ್‌ಬಜಾರ್ ಹುಡುಗ: ಚುನಾವಣೆ ಇಲ್ಲದ ವರ್ಷ ಯಾವುದಿದೆ? ಮತದಾರನಿಗೆ ಬೇಕಾದ ಮಾಹಿತಿ ಮತದಾನಕ್ಕೆ ಮುಂಚೆ ಬೇಡವಾ?

ಹಗರಿ ದಂಡೆ: ಬೇಕು. ಅದಕ್ಕೇ ದುಡ್ಡು ಎಲ್ಲಿಂದ ಬಂತು ಅಂತ ಚಿತ್ರದ ಮೊದಲಲ್ಲೇ ಹಾಕಿ. ಪಕ್ಷದವರ ಕಾಸು ಒಂದು ರೂಪಾಯಿಯೂ ಬೇಡ. ನಾಳೆ ಜಗಳ ಬಂದರೆ ಜನ ಮೊದಲು ಕೇಳುವುದೇ ಅದು.

ತೋರಣಗಲ್ಲು: ಇನ್ನೊಂದು. ಗಣಿಯಿಂದ ಹಾಳಾದ ಊರುಗಳನ್ನು ಸರಿಮಾಡಲು ಸುಪ್ರೀಂ ಕೋರ್ಟಿನ ಆದೇಶದಂತೆ ಹಣ ಎತ್ತಿಟ್ಟಿದ್ದಾರೆ, ಕೆಎಂಇಆರ್‌ಸಿ ಅಂತ ನಿಗಮವೂ ಇದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿಗೆ ಸೇರಿದ ದುಡ್ಡು ಅದು. ಒಬ್ಬ ವ್ಯಕ್ತಿಯ ಶಿಕ್ಷೆಗೆ ಕಥೆ ನಿಲ್ಲಿಸಬೇಡಿ. ಆ ದುಡ್ಡು ಸಂಡೂರಿನ ಹಳ್ಳಿಗಳಿಗೆ ಬಂತಾ, ಅದನ್ನು ಕೇಳಿ.

ಸಂಡೂರು ಕ್ಯಾಮೆರಾ: ಅದನ್ನು ಸೇರಿಸಲು ಇನ್ನೂ ಶೂಟಿಂಗ್ ಬೇಕು, ಮಾಡುತ್ತೇವೆ. ಬಂಗಲೆಯ ದೃಶ್ಯ ಕಡಿಮೆ ಮಾಡುತ್ತೇನೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಯೇ ಬಳ್ಳಾರಿಯಲ್ಲಿ ತೋರಿಸುವುದು, ಯೂಟ್ಯೂಬ್ ಆಮೇಲೆ. ಲಾಯರ್ ಅಕ್ಕ, ಸ್ಕ್ರಿಪ್ಟ್ ಕಳಿಸಲಾ? ಒಂದು ಸಲ ಓದಿ ಕೊಡಿ.

ಲಾಯರ್ ಅಕ್ಕ: ಕಳಿಸಿ. ಪ್ರತಿ ಪುಟದ ಪಕ್ಕ ಆಯಾ ದಾಖಲೆಯ ಪ್ರತಿ ಇರಲಿ.